ಹದಿಮೂರು ಗೆಲುವಿಗೆ ಐದನೇ ಸ್ಥಾನ: ಫ್ಲಾರಿಡಾ ಸ್ಟೇಟ್ ತಂಡದ 2023ರ ಋತು ಎಬ್ಬಿಸಿದ ಜಗಳ

2023ರ ಡಿಸೆಂಬರ್ 3ರ ಭಾನುವಾರ ಅಮೆರಿಕದ ಕಾಲೇಜು ಫುಟ್‌ಬಾಲ್ ಆಯ್ಕೆ ಸಮಿತಿಯು ರಾಷ್ಟ್ರೀಯ ಪ್ರಶಸ್ತಿ ನಿರ್ಧರಿಸುವ ಪ್ಲೇಆಫ್‌ಗೆ ನಾಲ್ಕು ತಂಡಗಳನ್ನು ಘೋಷಿಸಿತು: ಮಿಶಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಆಡಿದ 13 ಪಂದ್ಯಗಳನ್ನೂ ಗೆದ್ದು, ಹಿಂದಿನ ರಾತ್ರಿಯಷ್ಟೇ ತನ್ನ ಕಾನ್ಫರೆನ್ಸ್‌ನ, ಅಂದರೆ ತಾನಿರುವ ತಂಡಗಳ ಕೂಟದ, ಪ್ರಶಸ್ತಿ ಎತ್ತಿದ್ದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಸಿಕ್ಕಿದ್ದು ಐದನೇ ಸ್ಥಾನ. ಟೆಕ್ಸಸ್ ಮತ್ತು ಅಲಬಾಮಾ ಎರಡೂ ಒಂದೊಂದು ಪಂದ್ಯ ಸೋತಿದ್ದವು. ಪ್ಲೇಆಫ್ ಪದ್ಧತಿ ಶುರುವಾದ 2014ರಿಂದ ಅಲ್ಲಿಯವರೆಗೆ, ಐದು ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಒಂದನ್ನು ಅಜೇಯವಾಗಿ ಗೆದ್ದ ಯಾವ ತಂಡವೂ ಹೊರಗುಳಿದಿರಲಿಲ್ಲ. ಆ ನಿರ್ಧಾರದ ಮೇಲಿನ ವಾದ ಈಗಲೂ ಮುಗಿದಿಲ್ಲ. ಅದರ ಬೆನ್ನಿಗೆ ಬಂದ ಮೊಕದ್ದಮೆ, ಹಣದ ಹಂಚಿಕೆ ಮತ್ತು ನಿಯಮ ಬದಲಾವಣೆಗಳು ಇಂದಿನ ಕಾಲೇಜು ಫುಟ್‌ಬಾಲ್‌ನ ಸ್ವರೂಪವನ್ನೇ ತಿದ್ದುತ್ತಿವೆ.

ಒಂದು ತಂಡ ಎಲ್ಲ ಪಂದ್ಯ ಗೆದ್ದೂ ಹೊರಗುಳಿಯುವುದು ಹೇಗೆ ಎಂಬ ಪ್ರಶ್ನೆ ಕ್ರಿಕೆಟ್ ನೋಡಿ ಬೆಳೆದವರಿಗೆ ಸಹಜವಾಗಿಯೇ ಬರುತ್ತದೆ. ರಣಜಿ ಟ್ರೋಫಿಯಲ್ಲಿ ಕರ್ನಾಟಕ ತಂಡ ಗುಂಪಿನ ಪಂದ್ಯಗಳನ್ನೆಲ್ಲ ಗೆದ್ದು ಅಂಕಪಟ್ಟಿಯ ತಲೆಯಲ್ಲಿ ಕೂತ ಮೇಲೆ, ‘ನಿಮ್ಮ ಮುಖ್ಯ ಬ್ಯಾಟರ್‌ನ ಬೆರಳು ಮುರಿದಿದೆ, ಆದ್ದರಿಂದ ಕ್ವಾರ್ಟರ್ ಫೈನಲ್‌ಗೆ ಬೇರೊಬ್ಬರನ್ನು ಕಳುಹಿಸುತ್ತೇವೆ’ ಎಂದು ಯಾರೂ ಹೇಳಲಾರರು. ಆದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅಂಥ ಅಂಕಪಟ್ಟಿಯೇ ಸಾಧ್ಯವಿಲ್ಲ. 2023ರಲ್ಲಿ ಮೇಲ್ದರ್ಜೆಯಲ್ಲಿ 133 ತಂಡಗಳಿದ್ದವು. ಪ್ರತಿ ತಂಡವೂ ನಿಗದಿತ ವೇಳಾಪಟ್ಟಿಯಲ್ಲಿ ಆಡುವುದು 12 ಪಂದ್ಯ ಮಾತ್ರ, ಅದರಲ್ಲೂ ಹೆಚ್ಚಿನವು ತನ್ನದೇ ಕಾನ್ಫರೆನ್ಸ್‌ನ ತಂಡಗಳ ವಿರುದ್ಧ. ಒಂದು ಕೂಟದ ಗೆಲುವು ಇನ್ನೊಂದು ಕೂಟದ ಗೆಲುವಿಗೆ ಸಮವೇ ಎಂದು ತೂಗಿ ನೋಡಲು ಯಾರಾದರೂ ಬೇಕು. ಬಹುಕಾಲ ಆ ಕೆಲಸವನ್ನು ಪತ್ರಕರ್ತರು ಮತ್ತು ಕೋಚ್‌ಗಳ ಮತದಾನ ಮಾಡಿತು, 1998ರಿಂದ 2013ರವರೆಗೆ ಅದರೊಂದಿಗೆ ಕಂಪ್ಯೂಟರ್ ಲೆಕ್ಕಾಚಾರವೂ ಸೇರಿಕೊಂಡಿತು. 2014ರಿಂದ 13 ಸದಸ್ಯರ ಸಮಿತಿಯೊಂದು ಟೆಕ್ಸಸ್‌ನ ಗ್ರೇಪ್‌ವೈನ್ ಎಂಬ ಊರಿನ ಹೋಟೆಲಿನಲ್ಲಿ ಕುಳಿತು ತಂಡಗಳಿಗೆ ಕ್ರಮಾಂಕ ಕೊಡುತ್ತಿದೆ. ಹಾಲಿ ಕ್ರೀಡಾ ನಿರ್ದೇಶಕರು, ಮಾಜಿ ಕೋಚ್‌ಗಳು, ಮಾಜಿ ಆಟಗಾರರು ಅದರಲ್ಲಿರುತ್ತಾರೆ.

ಫ್ಲಾರಿಡಾ ಸ್ಟೇಟ್ ಇರುವುದು ರಾಜ್ಯದ ರಾಜಧಾನಿ ಟಾಲಹಾಸಿಯಲ್ಲಿ. 1947ರವರೆಗೆ ಅದು ಮಹಿಳಾ ಕಾಲೇಜಾಗಿತ್ತು. ಹೀಗಾಗಿ ಅದರ ಫುಟ್‌ಬಾಲ್ ಚರಿತ್ರೆ ದಕ್ಷಿಣದ ಇತರ ಹಳೆಯ ವಿಶ್ವವಿದ್ಯಾಲಯಗಳಷ್ಟು ಉದ್ದದ್ದಲ್ಲ. 1976ರಲ್ಲಿ ಬಂದ ಕೋಚ್ ಬಾಬಿ ಬೌಡನ್ 2009ರವರೆಗೆ ಇದ್ದು 1993 ಮತ್ತು 1999ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. 2013ರಲ್ಲಿ ಮೂರನೆಯದು ಬಂತು. ಆಮೇಲೆ ತಂಡ ಇಳಿಜಾರಿಗೆ ಬಿತ್ತು. 2019ರ ಕೊನೆಯಲ್ಲಿ ನೇಮಕವಾದ ಮೈಕ್ ನಾರ್ವೆಲ್ ಅವರ ಮೊದಲ ಋತುವಿನಲ್ಲಿ 3 ಗೆಲುವು, 6 ಸೋಲು. ಎರಡನೆಯದರಲ್ಲಿ 5 ಗೆಲುವು, 7 ಸೋಲು. ಕೆಳದರ್ಜೆಯ ಜಾಕ್ಸನ್‌ವಿಲ್ ಸ್ಟೇಟ್ ತಂಡಕ್ಕೆ ತವರಿನ ಅಂಗಳದಲ್ಲೇ ಕೊನೆಯ ಎಸೆತದಲ್ಲಿ ಸೋತದ್ದು ಆ ಎರಡನೇ ಋತುವಿನಲ್ಲೇ. 2022ರಲ್ಲಿ ತಂಡ 10 ಪಂದ್ಯ ಗೆದ್ದು ಮೇಲೆದ್ದಿತು. ಈ ಏಳಿಗೆಯ ಹಿಂದೆ ಇದ್ದದ್ದು ಬೇರೆ ಕಾಲೇಜುಗಳಿಂದ ವರ್ಗವಾಗಿ ಬಂದ ಆಟಗಾರರು. ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಲೂಯಿವಿಲ್‌ನಿಂದ, ರಕ್ಷಣಾ ಸಾಲಿನ ಜೇರೆಡ್ ವರ್ಸ್ ಆಲ್ಬನಿಯಿಂದ, ಎಸೆತ ಹಿಡಿಯುವ ರಿಸೀವರ್ ಕೀಯಾನ್ ಕೋಲ್ಮನ್ ಮಿಶಿಗನ್ ಸ್ಟೇಟ್‌ನಿಂದ ಬಂದವರು. ಹೀಗೆ ಕಟ್ಟಿದ ತಂಡ ಕಲೆಯುವಷ್ಟೇ ವೇಗವಾಗಿ ಕಳಚಿಕೊಳ್ಳಲೂಬಲ್ಲದು ಎಂಬುದನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

2023ರ ಸೆಪ್ಟೆಂಬರ್ 3ರಂದು ಒರ್ಲಾಂಡೊದಲ್ಲಿ ಬಲಿಷ್ಠ ಲೂಸಿಯಾನಾ ಸ್ಟೇಟ್ ತಂಡವನ್ನು 45–24ರಿಂದ ಸೋಲಿಸುವುದರೊಂದಿಗೆ ಋತು ಆರಂಭವಾಯಿತು. ಸೆಪ್ಟೆಂಬರ್ 23ರ ಕ್ಲೆಮ್ಸನ್ ಪಂದ್ಯ ಅದಕ್ಕಿಂತ ಕಠಿಣ ಪರೀಕ್ಷೆಯಾಗಿತ್ತು. ಆ ತಂಡದ ವಿರುದ್ಧ ಫ್ಲಾರಿಡಾ ಸ್ಟೇಟ್ 2014ರ ನಂತರ ಗೆದ್ದಿರಲಿಲ್ಲ. ಏಳು ಅಂಕ ಹಿಂದಿದ್ದಾಗ ರಕ್ಷಣಾ ಆಟಗಾರ ಕೇಲನ್ ಡಿಲೋಚ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಕೆಡವಿ, ತಾನೇ ಎತ್ತಿಕೊಂಡು ಓಡಿ, ಅಂಗಳದ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ. ಪಂದ್ಯ ಸಮವಾಯಿತು. ಕೊನೆಗಳಿಗೆಯಲ್ಲಿ ಕ್ಲೆಮ್ಸನ್ ಸುಲಭದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ ಅಂಕ) ಒಂದನ್ನು ತಪ್ಪಿಸಿಕೊಂಡಿತು. ಹೆಚ್ಚುವರಿ ಅವಧಿಯಲ್ಲಿ ಕೋಲ್ಮನ್ ಹಿಡಿದ ಟ್ರಾವಿಸ್‌ನ ಎಸೆತ 31–24ರ ಗೆಲುವು ತಂದಿತು. ಉಳಿದ ಪಂದ್ಯಗಳಲ್ಲಿ ಕೆಲವು ಸಲೀಸಾಗಿ ಬಂದವು, ಬಾಸ್ಟನ್ ಕಾಲೇಜಿನ ವಿರುದ್ಧದ 31–29ರಂತೆ ಕೆಲವು ಹೆಣಗಾಡಿ ಬಂದವು.

ನವೆಂಬರ್ 18ರಂದು ಟಾಲಹಾಸಿಯಲ್ಲಿ ಎದುರಾದದ್ದು ಕೆಳದರ್ಜೆಯ ನಾರ್ತ್ ಅಲಬಾಮಾ. ಆ ಪಂದ್ಯದ ಮೊದಲ ಭಾಗದಲ್ಲಿ ಚೆಂಡು ಹಿಡಿದು ಓಡಿದ ಟ್ರಾವಿಸ್ ಟ್ಯಾಕಲ್‌ಗೆ ಸಿಕ್ಕಿ ನೆಲಕ್ಕೆ ಬೀಳುವಾಗ ಎಡಗಾಲು ಮುರಿಯಿತು. ಗಾಲಿ ಗಾಡಿಯ ಮೇಲೆ ಮೈದಾನದಿಂದ ಹೊರಗೆ ಒಯ್ಯಬೇಕಾಯಿತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ತನ್ನ ತಂಡದ ಬಹುತೇಕ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಶುರುವಾಗುತ್ತದೆ. ಎಸೆಯಬೇಕೇ, ಇನ್ನೊಬ್ಬರ ಕೈಗಿಡಬೇಕೇ, ತಾನೇ ಓಡಬೇಕೇ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನೇ. ಅವನು ಹೋದರೆ ತಂಡದ ದಾಳಿಯ ಮಟ್ಟ ಇಳಿಯುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೂ ಆ ದಿನ 13–0ರಿಂದ ಹಿಂದಿದ್ದ ತಂಡ 58–13ರಿಂದ ಗೆದ್ದಿತು. ಒಂದು ವಾರದ ನಂತರ ಎರಡನೇ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಜತೆ ಗೇನ್ಸ್‌ವಿಲ್‌ಗೆ ಹೋಗಿ, ಬದ್ಧವೈರಿ ಫ್ಲಾರಿಡಾ ವಿಶ್ವವಿದ್ಯಾಲಯವನ್ನು 24–15ರಿಂದ ಸೋಲಿಸಿತು. ರೋಡ್‌ಮೇಕರ್ ತಲೆಗೂ ಅಲ್ಲಿ ಪೆಟ್ಟಾಯಿತು. ಹೀಗಾಗಿ ಡಿಸೆಂಬರ್ 2ರಂದು ಶಾರ್ಲಟ್‌ನಲ್ಲಿ ನಡೆದ ಕಾನ್ಫರೆನ್ಸ್ ಫೈನಲ್‌ಗೆ ಮೊದಲ ವರ್ಷದ ವಿದ್ಯಾರ್ಥಿ ಬ್ರಾಕ್ ಗ್ಲೆನ್ ಇಳಿಯಬೇಕಾಯಿತು. ಎದುರಿಗಿದ್ದದ್ದು ಟ್ರಾವಿಸ್‌ನ ಹಳೆಯ ಕಾಲೇಜು ಲೂಯಿವಿಲ್. ಗ್ಲೆನ್ ಎಸೆತಗಳಿಂದ ಬಂದದ್ದು ಕೇವಲ 55 ಗಜ. ಆದರೆ ರಕ್ಷಣಾ ಪಡೆ ಲೂಯಿವಿಲ್‌ಗೆ ಇಡೀ ಪಂದ್ಯದಲ್ಲಿ 188 ಗಜ ಮಾತ್ರ ಬಿಟ್ಟುಕೊಟ್ಟಿತು, ಒಂದೇ ಒಂದು ಟಚ್‌ಡೌನ್‌ಗೂ ಅವಕಾಶ ಕೊಡಲಿಲ್ಲ. ಓಟಗಾರ ಲಾರೆನ್ಸ್ ಟೊಫೀಲಿ ನೂರಕ್ಕೂ ಹೆಚ್ಚು ಗಜ ಓಡಿದ. ಫಲಿತಾಂಶ 16–6. ನೋಡಲು ಚೆಂದದ ಗೆಲುವಾಗಿರಲಿಲ್ಲ, ಆದರೆ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಹಿಂದಿನ ವಾರದವರೆಗೆ ಹತ್ತು ಪಂದ್ಯ ಗೆದ್ದಿದ್ದ ತಂಡವೊಂದನ್ನು ಕಟ್ಟಿಹಾಕಿದ ಗೆಲುವು ಅದು.

ಸಮಿತಿಯ ವಾರದ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಗಂಟು ಎಲ್ಲಿದೆ ಎಂಬುದು ಕಾಣುತ್ತದೆ. ಟ್ರಾವಿಸ್ ಗಾಯಗೊಂಡು ಹತ್ತು ದಿನ ಕಳೆದಿದ್ದ ನವೆಂಬರ್ 28ರಂದು ಸಮಿತಿ ಫ್ಲಾರಿಡಾ ಸ್ಟೇಟ್‌ಗೆ ನಾಲ್ಕನೇ ಸ್ಥಾನ ಕೊಟ್ಟಿತ್ತು. ಅಂದು ಟೆಕ್ಸಸ್ ಏಳನೆಯದು, ಅಲಬಾಮಾ ಎಂಟನೆಯದು. ನಾಲ್ಕು ದಿನದ ನಂತರ ಅಗ್ರಸ್ಥಾನದ ಜಾರ್ಜಿಯಾವನ್ನು ಅಲಬಾಮಾ 27–24ರಿಂದ ಸೋಲಿಸಿತು. ಅಲಬಾಮಾವನ್ನು ಮೇಲೆ ತರಬೇಕೆಂದರೆ, ಸೆಪ್ಟೆಂಬರ್‌ನಲ್ಲಿ ಅದನ್ನು ಅದರ ಮೈದಾನದಲ್ಲೇ 34–24ರಿಂದ ಸೋಲಿಸಿದ್ದ ಟೆಕ್ಸಸ್ ಅನ್ನು ಅದಕ್ಕಿಂತ ಮೇಲಿಡಲೇಬೇಕು. ಮಿಶಿಗನ್, ವಾಷಿಂಗ್ಟನ್ ಎರಡೂ ಅಜೇಯ. ಜಾರ್ಜಿಯಾ ಕೆಳಗಿಳಿದರೂ ಇದ್ದ ಜಾಗ ಎರಡೇ, ಅರ್ಹರು ಮೂವರು. ಅಲಬಾಮಾವನ್ನು ಬಿಟ್ಟರೆ, ಆಟದ ಅತ್ಯಂತ ಬಲಿಷ್ಠ ಕೂಟವಾದ ಆಗ್ನೇಯ ಕಾನ್ಫರೆನ್ಸ್ ಮೊದಲ ಬಾರಿಗೆ ಪ್ಲೇಆಫ್‌ನಲ್ಲಿ ಇಲ್ಲದಂತಾಗುತ್ತಿತ್ತು. ಸಮಿತಿ ಕೈಬಿಟ್ಟದ್ದು ಫ್ಲಾರಿಡಾ ಸ್ಟೇಟನ್ನು. ಗೆದ್ದ ತಂಡ ಒಂದು ಸ್ಥಾನ ಕೆಳಗಿಳಿಯಿತು.

ಸಮಿತಿಯ ಅಂದಿನ ಅಧ್ಯಕ್ಷ, ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಕ್ರೀಡಾ ನಿರ್ದೇಶಕ ಬೂ ಕಾರಿಗನ್ ಕೊಟ್ಟ ಕಾರಣ ನೇರವಾಗಿತ್ತು: ಟ್ರಾವಿಸ್ ಇಲ್ಲದ ಫ್ಲಾರಿಡಾ ಸ್ಟೇಟ್ ಮೊದಲ ಹನ್ನೊಂದು ವಾರಗಳಲ್ಲಿ ಕಂಡ ತಂಡವಲ್ಲ. ಇದು ಅವರು ಅಂದು ಹುಡುಕಿ ತೆಗೆದ ಕಾರಣವೇನೂ ಅಲ್ಲ. ಮುಖ್ಯ ಆಟಗಾರರು ಅಥವಾ ಕೋಚ್‌ಗಳ ಅಲಭ್ಯತೆ ತಂಡದ ಪ್ರದರ್ಶನದ ಮೇಲೆ ಪರಿಣಾಮ ಬೀರಿದ್ದರೆ ಅಥವಾ ಮುಂದೆ ಪ್ಲೇಆಫ್‌ನಲ್ಲಿ ಪರಿಣಾಮ ಬೀರುವ ಸಂಭವವಿದ್ದರೆ ಅದನ್ನು ಪರಿಗಣಿಸಬಹುದು ಎಂದು ಸಮಿತಿಯ ನಿಯಮಾವಳಿಯಲ್ಲೇ ಇತ್ತು. ಅದರ ಪಕ್ಕದಲ್ಲೇ ಕಾನ್ಫರೆನ್ಸ್ ಪ್ರಶಸ್ತಿ, ಎದುರಾಳಿಗಳ ಬಲ, ಮುಖಾಮುಖಿ ಫಲಿತಾಂಶ ಎಂಬ ಮಾನದಂಡಗಳೂ ಇದ್ದವು. ನನ್ನ ದೃಷ್ಟಿಯಲ್ಲಿ ಇಡೀ ವಿವಾದದ ಬೇರು ಈ ನೆರೆಹೊರೆಯಲ್ಲಿದೆ. ಉಳಿದ ಮಾನದಂಡಗಳು ನಡೆದುಹೋದದ್ದನ್ನು ಅಳೆಯುತ್ತವೆ. ಗಾಯದ ವಿಧಿಯ ಎರಡನೇ ಅರ್ಧ ಮಾತ್ರ ಇನ್ನೂ ನಡೆಯದ ಪಂದ್ಯದ ಬಗ್ಗೆ ಭವಿಷ್ಯ ಹೇಳಲು ಸಮಿತಿಗೆ ಅಧಿಕಾರ ಕೊಡುತ್ತದೆ. ಎರಡೂ ಒಂದೇ ಉತ್ತರ ಕೊಡುವ ವರ್ಷಗಳಲ್ಲಿ ಯಾರಿಗೂ ತೊಂದರೆಯಿಲ್ಲ. 2023ರಲ್ಲಿ ಅವು ಎದುರುಬದುರು ನಿಂತವು, ಸಮಿತಿ ಭವಿಷ್ಯದ ಕಡೆ ವಾಲಿತು.

ಅಂಥ ಭವಿಷ್ಯವಾಣಿ ಎಷ್ಟು ಜಾರುವ ನೆಲ ಎಂಬುದಕ್ಕೆ ಇದೇ ಪ್ಲೇಆಫ್‌ನ ಮೊದಲ ವರ್ಷವೇ ಸಾಕ್ಷಿಯಾಗಿತ್ತು. 2014ರಲ್ಲಿ ಒಹಾಯೊ ಸ್ಟೇಟ್ ಋತು ಆರಂಭಕ್ಕೂ ಮೊದಲು ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು, ಕೊನೆಯ ಲೀಗ್ ಪಂದ್ಯದಲ್ಲಿ ಇನ್ನೊಬ್ಬನನ್ನು ಗಾಯಕ್ಕೆ ಕಳೆದುಕೊಂಡಿತ್ತು. ಮೂರನೆಯವನಾದ ಕಾರ್ಡೇಲ್ ಜೋನ್ಸ್ ಜತೆ ಕಾನ್ಫರೆನ್ಸ್ ಫೈನಲ್ ಆಡಿ ವಿಸ್ಕಾನ್ಸಿನ್ ತಂಡವನ್ನು 59–0ರಿಂದ ಮಣಿಸಿದ್ದರಿಂದ ಸಮಿತಿ ಅದನ್ನು ನಾಲ್ಕನೇ ಸ್ಥಾನಕ್ಕೆ ಏರಿಸಿತು. ಆ ತಂಡ ಅಲಬಾಮಾವನ್ನೂ ಆರಿಗನ್‌ ಅನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಗಾಯವೇ ಅಡ್ಡಿಯಾಗಿದ್ದರೆ ಅಂದೂ ಅಡ್ಡಿಯಾಗಬೇಕಿತ್ತು. ನಿಜವಾದ ವ್ಯತ್ಯಾಸ 59–0 ಮತ್ತು 16–6ರ ನಡುವಿನದು, ಅಂದರೆ ಗೆಲುವಿನ ಅಂದದ್ದು. ಲೂಯಿವಿಲ್ ವಿರುದ್ಧ ರಕ್ಷಣಾ ಪಡೆ ಗೆಲ್ಲಿಸಿಕೊಟ್ಟ ಪಂದ್ಯವನ್ನು ಟಿ.ವಿ.ಯಲ್ಲಿ ಕಂಡವರಿಗೆ ಅಯ್ಯೋ ಎನಿಸಿದ್ದಿರಬಹುದು. ಆದರೆ ಆಟದ ಅರ್ಧ ರಕ್ಷಣೆಯೇ ಅಲ್ಲವೇ? ಆಯ್ಕೆಯ ದಿನ ಟ್ರಾವಿಸ್ ಸಾಮಾಜಿಕ ಜಾಲತಾಣದಲ್ಲಿ ಬರೆದದ್ದು ಇದನ್ನೇ. ತನ್ನ ಕಾಲು ಋತುವಿನಲ್ಲಿ ಇನ್ನೂ ಮುಂಚೆಯೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡ ಕ್ವಾರ್ಟರ್‌ಬ್ಯಾಕ್ ಒಬ್ಬನಿಂದ ಆದದ್ದಲ್ಲ ಎಂಬುದು ಆಗ ಎಲ್ಲರಿಗೂ ಕಾಣುತ್ತಿತ್ತು ಎಂಬುದು ಅವನ ಮಾತಿನ ಸಾರ.

ಸಮಿತಿಯ ಪರವಾಗಿ ಹೇಳಬಹುದಾದದ್ದೂ ಇದೆ. ಫ್ಲಾರಿಡಾ ಸ್ಟೇಟ್ ಆಡಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಆ ವರ್ಷ ಆಗ್ನೇಯ ಕಾನ್ಫರೆನ್ಸ್‌ನಷ್ಟು ಗಟ್ಟಿಯಾಗಿರಲಿಲ್ಲ. ಆಯ್ಕೆಯಾದ ಅಲಬಾಮಾ ಕೂಡ ಮಾನ ಕಳೆಯಲಿಲ್ಲ. ಮುಂದೆ ಚಾಂಪಿಯನ್ ಆದ ಮಿಶಿಗನ್‌ಗೆ ರೋಸ್ ಬೌಲ್ ಎಂಬ ಸೆಮಿಫೈನಲ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ 27–20ರಿಂದ ಸೋತಿತು. ಗ್ಲೆನ್ ಅಥವಾ ರೋಡ್‌ಮೇಕರ್ ಇದ್ದ ಫ್ಲಾರಿಡಾ ಸ್ಟೇಟ್ ಅದಕ್ಕಿಂತ ಚೆನ್ನಾಗಿ ಆಡುತ್ತಿತ್ತು ಎಂದು ನಾನು ಪಣ ಕಟ್ಟಲಾರೆ. ಆದರೂ ನಿರ್ಧಾರ ತಪ್ಪು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಅಂದಾಜು ಸರಿಯಿರಬಹುದಾದರೂ ಅಂದಾಜಿಗೆ ಆ ಜಾಗದಲ್ಲಿ ಕೆಲಸವಿರಲಿಲ್ಲ. ಆಡಲು ಹೇಳಿದ ಪಂದ್ಯಗಳನ್ನೆಲ್ಲ ಆಡಿ, ಎಲ್ಲವನ್ನೂ ಗೆದ್ದ ತಂಡಕ್ಕೆ ಇನ್ನೇನು ಮಾಡಬೇಕಿತ್ತು ಎಂದು ಕೇಳಿದರೆ ಸಮಿತಿಯ ಬಳಿ ಉತ್ತರವಿಲ್ಲ. ಆಟದ ಮೂಲಕ ಸರಿಪಡಿಸಿಕೊಳ್ಳಲಾಗದ ಕೊರತೆಯನ್ನು ಮುಂದೊಡ್ಡಿ ಒಂದು ತಂಡವನ್ನು ಕೈಬಿಟ್ಟರೆ, ಹಿಂದಿನ ಹದಿಮೂರು ಪಂದ್ಯಗಳ ಆಟಕ್ಕೆ ಬೆಲೆ ಎಷ್ಟು?

ಸಮಿತಿಯನ್ನು ಸಮರ್ಥಿಸುವವರು ಮುಂದಿಡುವ ದೊಡ್ಡ ಪುರಾವೆ ಡಿಸೆಂಬರ್ 30ರ ಆರೆಂಜ್ ಬೌಲ್. ಅಲ್ಲಿ ಜಾರ್ಜಿಯಾ ಫ್ಲಾರಿಡಾ ಸ್ಟೇಟನ್ನು 63–3ರಿಂದ ಸೋಲಿಸಿತು. ಋತುವಿನ ಕೊನೆಯಲ್ಲಿ ಆಹ್ವಾನಿತ ತಂಡಗಳು ಆಡುವ ಬೌಲ್ ಪಂದ್ಯಗಳ ಚರಿತ್ರೆಯಲ್ಲೇ ಅಷ್ಟು ದೊಡ್ಡ ಅಂತರದ ಸೋಲು ಇರಲಿಲ್ಲ. ಈ ಪುರಾವೆ ನಿಲ್ಲುವುದಿಲ್ಲ. ಪ್ರಶಸ್ತಿಯ ದಾರಿ ಮುಚ್ಚಿದ ಮೇಲೆ ತಂಡದ ಎರಡು ಡಜನ್‌ಗೂ ಹೆಚ್ಚು ಆಟಗಾರರು ಆ ಪಂದ್ಯದಿಂದ ದೂರ ಉಳಿದಿದ್ದರು. ಕೆಲವರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುನ್ನ ಮೈ ಕಾಪಾಡಿಕೊಂಡರು, ಕೆಲವರು ಬೇರೆ ಕಾಲೇಜಿಗೆ ಹೊರಟರು, ಕೆಲವರು ಗಾಯಾಳುಗಳು. ಮರುವರ್ಷದ ಡ್ರಾಫ್ಟ್‌ನಲ್ಲಿ ಈ ತಂಡದ ಹತ್ತು ಮಂದಿ ಆಯ್ಕೆಯಾದರು, ವರ್ಸ್ 19ನೆಯವನಾಗಿ ಮೊದಲ ಸುತ್ತಿನಲ್ಲೇ. ಅವರಲ್ಲಿ ಬಹುಪಾಲು ಮಂದಿ ಇಲ್ಲದ ಹನ್ನೊಂದು ಜನರನ್ನು ತೋರಿಸಿ ‘ನೋಡಿ, ನಾವು ಹೇಳಿದ್ದೇ ಸರಿ’ ಎನ್ನುವುದು ನಿರ್ಧಾರದ ಫಲವನ್ನೇ ನಿರ್ಧಾರಕ್ಕೆ ಕಾರಣವಾಗಿಸಿದಂತೆ. ಗೆದ್ದ ಜಾರ್ಜಿಯಾದ ಕೋಚ್ ಕರ್ಬಿ ಸ್ಮಾರ್ಟ್ ಅವರೇ ಪಂದ್ಯದ ನಂತರ, ಇಂದು ನಡೆದದ್ದನ್ನು ಜನ ನೋಡಬೇಕು, ಇದನ್ನು ಸರಿಪಡಿಸಬೇಕು ಎಂಬರ್ಥದಲ್ಲಿ ಮಾತಾಡಿದರು.

ಟಾಲಹಾಸಿಯ ಸಿಟ್ಟು ಬಹುಬೇಗ ರಾಜಕೀಯಕ್ಕೂ ನ್ಯಾಯಾಲಯಕ್ಕೂ ಹರಿಯಿತು. ರಾಜ್ಯದ ಗವರ್ನರ್ ರಾನ್ ಡಿಸ್ಯಾಂಟಿಸ್ ಕಾನೂನು ಹೋರಾಟಕ್ಕೆಂದು ಹತ್ತು ಲಕ್ಷ ಡಾಲರ್ ಪ್ರಸ್ತಾಪಿಸಿದರು. ಅಟಾರ್ನಿ ಜನರಲ್ ಸಮಿತಿಯಿಂದ ದಾಖಲೆಗಳನ್ನು ಕೇಳಿದರು. ಇದೆಲ್ಲ ಬಹುಮಟ್ಟಿಗೆ ಪ್ರದರ್ಶನ. ಇಎಸ್‌ಪಿಎನ್ ವಾಹಿನಿಗೆ ಬೇಕಾದದ್ದು ಅಲಬಾಮಾ, ಆದ್ದರಿಂದ ಹೀಗಾಯಿತು ಎಂಬ ಗುಮಾನಿಯೂ ಹಬ್ಬಿತು. ಆದರೆ ಎರಡೂ ಕಾನ್ಫರೆನ್ಸ್‌ಗಳ ಪಂದ್ಯಗಳನ್ನು ಬಿತ್ತರಿಸುವುದು ಅದೇ ವಾಹಿನಿ. ನಿಜವಾಗಿ ತೂಕವಿದ್ದದ್ದು ಡಿಸೆಂಬರ್ 22ರಂದು ವಿಶ್ವವಿದ್ಯಾಲಯ ತನ್ನದೇ ಕಾನ್ಫರೆನ್ಸ್ ವಿರುದ್ಧ ಲಿಯಾನ್ ಕೌಂಟಿಯಲ್ಲಿ ಹೂಡಿದ ಮೊಕದ್ದಮೆ. ಸುಳಿವು ಸಿಕ್ಕಿದ್ದ ಕಾನ್ಫರೆನ್ಸ್ ಹಿಂದಿನ ದಿನವೇ ನಾರ್ತ್ ಕ್ಯಾರೊಲಿನಾದಲ್ಲಿ ಪ್ರತಿದಾವೆ ಹೂಡಿಯಾಗಿತ್ತು.

ಈ ಜಗಳದ ಬೇರು ಆಯ್ಕೆಗಿಂತ ಹಳೆಯದು. ಸದಸ್ಯ ವಿಶ್ವವಿದ್ಯಾಲಯಗಳೆಲ್ಲ ತಮ್ಮ ತವರಿನ ಪಂದ್ಯಗಳ ಪ್ರಸಾರ ಹಕ್ಕನ್ನು 2036ರವರೆಗೆ ಕಾನ್ಫರೆನ್ಸ್‌ಗೆ ಬರೆದುಕೊಟ್ಟಿದ್ದವು. ಆ ಅವಧಿಯಲ್ಲಿ ಆಗ್ನೇಯ ಮತ್ತು ಬಿಗ್ ಟೆನ್ ಕಾನ್ಫರೆನ್ಸ್‌ಗಳ ಟಿ.ವಿ. ಆದಾಯ ಗಗನಕ್ಕೇರಿತು, ತನಗೂ ಅವರಿಗೂ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಅಂತರ ಬೀಳುತ್ತದೆ ಎಂದು ಫ್ಲಾರಿಡಾ ಸ್ಟೇಟ್ ಆಡಳಿತ 2023ರ ಆರಂಭದಿಂದಲೇ ದೂರುತ್ತಿತ್ತು. ಹೊರಹೋಗಬೇಕೆಂದರೆ 57.2 ಕೋಟಿ ಡಾಲರ್ ತೆರಬೇಕಾಗುತ್ತದೆ ಎಂಬುದು ದಾವೆಯಲ್ಲಿ ಅದು ಹಾಕಿದ ಲೆಕ್ಕ. ಡಿಸೆಂಬರ್ 3ರ ನಿರ್ಧಾರ ಈ ವಾದಕ್ಕೆ ಬೇಕಿದ್ದ ಕೊನೆಯ ಆಧಾರ ಒದಗಿಸಿತು: ಈ ಕೂಟವನ್ನು ಅಜೇಯವಾಗಿ ಗೆದ್ದರೂ ಮರ್ಯಾದೆಯಿಲ್ಲ ಎಂದಾದರೆ ಇಲ್ಲಿರುವುದೇಕೆ? 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಟಿ.ವಿ. ಹಣದ ದೊಡ್ಡ ಪಾಲು ಇನ್ನು ಮುಂದೆ ಯಾವ ತಂಡದ ಪಂದ್ಯವನ್ನು ಎಷ್ಟು ಜನ ನೋಡಿದರು ಎಂಬುದರ ಮೇಲೆ ಹಂಚಿಕೆಯಾಗುತ್ತದೆ. ನಿರ್ಗಮನ ಶುಲ್ಕ ವರ್ಷದಿಂದ ವರ್ಷಕ್ಕೆ ಇಳಿದು 2030ರ ಹೊತ್ತಿಗೆ 7.5 ಕೋಟಿ ಡಾಲರಿಗೆ ಬಂದು ನಿಲ್ಲುತ್ತದೆ. ಸಮಾನ ಹಂಚಿಕೆಯ ಮೇಲೆ ನಿಂತಿದ್ದ ಕೂಟವೊಂದು ಒಳಗಿನಿಂದಲೇ ದೊಡ್ಡವರು, ಚಿಕ್ಕವರು ಎಂದು ಇಬ್ಭಾಗವಾಯಿತು.

ಮೈದಾನದಲ್ಲಿ ಮಾತ್ರ ಫ್ಲಾರಿಡಾ ಸ್ಟೇಟ್ ತನ್ನ ವಾದಕ್ಕೆ ತಾನೇ ಪೆಟ್ಟು ಕೊಟ್ಟಿತು. 2024ರ ಜನವರಿಯಲ್ಲಿ ಅಲಬಾಮಾದ ನಿಕ್ ಸೇಬನ್ ನಿವೃತ್ತರಾದಾಗ ಆ ಹುದ್ದೆಗೆ ನಾರ್ವೆಲ್ ಹೆಸರೂ ಕೇಳಿಬಂತು. ಅವರನ್ನು ಉಳಿಸಿಕೊಳ್ಳಲು ವಿಶ್ವವಿದ್ಯಾಲಯ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಮಿಗಿಲಾದ ದೀರ್ಘ ಒಪ್ಪಂದ ಮಾಡಿಕೊಂಡಿತು. ಆ ಆಗಸ್ಟ್‌ನಲ್ಲಿ ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್ ವಿರುದ್ಧ ಪಂದ್ಯದ ಕೊನೆಯ ಕಿಕ್‌ಗೆ 24–21ರಿಂದ ಸೋತ ತಂಡ ಚೇತರಿಸಿಕೊಳ್ಳಲೇ ಇಲ್ಲ. 2 ಗೆಲುವು, 10 ಸೋಲು. 2025ರಲ್ಲಿ ಮೊದಲ ಪಂದ್ಯದಲ್ಲೇ ಅಲಬಾಮಾವನ್ನು 31–17ರಿಂದ ಸೋಲಿಸಿ ಹಳೆಯ ಲೆಕ್ಕ ತೀರಿಸಿದಂತೆ ಕಂಡರೂ ಋತು ಮುಗಿದದ್ದು 5 ಗೆಲುವು, 7 ಸೋಲಿನೊಂದಿಗೆ. ಆ ಸೋಲಿನ ನಂತರವೂ ಅಲಬಾಮಾ ಪ್ಲೇಆಫ್‌ಗೆ ಹೋಯಿತು. ವರ್ಗಾವಣೆಯ ಆಟಗಾರರನ್ನು ನೆಚ್ಚಿ ಕಟ್ಟಿದ ತಂಡದಿಂದ ಒಂದೇ ಬಾರಿಗೆ ಹತ್ತು ಮಂದಿ ಹೊರಟರೆ ಹಿಂದೆ ಬೆಳೆದವರು ಯಾರೂ ಇರುವುದಿಲ್ಲ. 2023ರ ತೀರ್ಪಿಗೂ ಈ ಕುಸಿತಕ್ಕೂ ಗಂಟು ಹಾಕುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಟ್ರಾವಿಸ್‌ನದು ಬೇರೆಯೇ ನೋವು: 2024ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವನನ್ನು ಐದನೇ ಸುತ್ತಿನಲ್ಲಿ ಆಯ್ಕೆ ಮಾಡಿಕೊಂಡಿತಾದರೂ, ಆ ಕಾಲು ಸರಿಹೋಗದೆ ಎನ್‌ಎಫ್‌ಎಲ್‌ನ ಒಂದು ಪಂದ್ಯವನ್ನೂ ಆಡದೆ 2025ರ ವಸಂತದಲ್ಲಿ ನಿವೃತ್ತಿ ಘೋಷಿಸಿದ.

2024ರಿಂದ ಪ್ಲೇಆಫ್ 12 ತಂಡಗಳದ್ದಾಯಿತು. ಈ ವಿಸ್ತರಣೆ ಮೊದಲೇ ತೀರ್ಮಾನವಾಗಿದ್ದರಿಂದ ಅದನ್ನು ಫ್ಲಾರಿಡಾ ಸ್ಟೇಟ್ ಪ್ರಕರಣದ ಫಲ ಎನ್ನಲಾಗದು. ಒಂದು ವರ್ಷ ಮೊದಲೇ ಬಂದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ಆದರೆ ಜಗಳ ಮುಗಿಯಲಿಲ್ಲ, ನಾಲ್ಕನೇ ಮತ್ತು ಐದನೇ ಸ್ಥಾನದ ನಡುವೆ ಇದ್ದದ್ದು ಕೆಳಗೆ ಸರಿಯಿತಷ್ಟೆ. 2025ರಲ್ಲಿ ಹತ್ತು ಪಂದ್ಯ ಗೆದ್ದ ನೋಟರ್ ಡೇಮ್ ಅನ್ನು ಕೊನೆಯ ದಿನ ಕೈಬಿಟ್ಟು ಮಯಾಮಿಯನ್ನು ಒಳಗೆ ತಂದಾಗ, ಸಿಟ್ಟಾದ ನೋಟರ್ ಡೇಮ್ ಬೌಲ್ ಪಂದ್ಯವನ್ನೇ ಆಡುವುದಿಲ್ಲ ಎಂದಿತು. ಮಯಾಮಿ ಫೈನಲ್‌ವರೆಗೆ ಹೋಗಿ ಇಂಡಿಯಾನಾಕ್ಕೆ ಸೋತಿತು. ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಅದೇ ವರ್ಷ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಪ್ರಶಸ್ತಿ ಗೆದ್ದ ಡ್ಯೂಕ್ ತಂಡದ ಗತಿ. ಐದು ಸೋಲುಗಳಿದ್ದ ಅದನ್ನು ಬಿಟ್ಟು, ಐದು ಅತ್ಯುನ್ನತ ಕ್ರಮಾಂಕದ ಚಾಂಪಿಯನ್‌ಗಳಿಗೆ ಜಾಗ ಎಂಬ ನಿಯಮದಡಿ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಒಳಬಂದವು. ಎರಡು ವರ್ಷಗಳ ಅಂತರದಲ್ಲಿ ಒಂದೇ ಕೂಟದ ಚಾಂಪಿಯನ್ ಎರಡು ಬಾರಿ ಹೊರಗುಳಿಯಿತು, ಮೊದಲ ಸಲ ಒಂದೂ ಸೋಲದೆ, ಎರಡನೇ ಸಲ ಐದು ಸೋತು. ಡ್ಯೂಕ್ ವಿಷಯದಲ್ಲಿ ನಡೆದುಹೋದದ್ದನ್ನು ಅಳೆದೇ ತೀರ್ಮಾನವಾದದ್ದರಿಂದ ಅದರ ಬಗ್ಗೆ ಅಂಥ ಗದ್ದಲವೇನೂ ಆಗಲಿಲ್ಲ.

2026ರ ಋತುವಿನಿಂದ, ಈಗ ಉಳಿದಿರುವ ನಾಲ್ಕು ದೊಡ್ಡ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಿಗೆ ಕ್ರಮಾಂಕ ಏನೇ ಇದ್ದರೂ ನೇರ ಪ್ರವೇಶ, ಐದನೇ ಜಾಗ ಇತರ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಲ್ಲಿ ಅತ್ಯುನ್ನತ ಕ್ರಮಾಂಕದ ತಂಡಕ್ಕೆ ಎಂದು ನಿಯಮ ಬದಲಾಗಿದೆ. ತಂಡಗಳ ಸಂಖ್ಯೆ ಹನ್ನೆರಡೇ ಉಳಿದಿದೆ. ಈ ಸಂಖ್ಯೆಯನ್ನು ಇನ್ನೂ ಹೆಚ್ಚಿಸಬೇಕೆಂದು ಬಿಗ್ ಟೆನ್ ಪಟ್ಟು ಹಿಡಿದಿದೆ, ಎಷ್ಟಕ್ಕೆ ಎಂಬುದರಲ್ಲಿ ಅದಕ್ಕೂ ಆಗ್ನೇಯ ಕಾನ್ಫರೆನ್ಸ್‌ಗೂ ಹೊಂದಿಕೆಯಾಗಿಲ್ಲ. ಹೊಸ ನಿಯಮದಲ್ಲಿ 2023ರ ಫ್ಲಾರಿಡಾ ಸ್ಟೇಟ್‌ನಂಥ ತಂಡ ಲೂಯಿವಿಲ್ ವಿರುದ್ಧ 16–6ರಿಂದ ಗೆದ್ದ ರಾತ್ರಿಯೇ ಒಳಗಿರುತ್ತದೆ, ಕ್ವಾರ್ಟರ್‌ಬ್ಯಾಕ್‌ನ ಕಾಲಿನ ಬಗ್ಗೆ ಯಾರ ಅಭಿಪ್ರಾಯವೂ ಬೇಕಾಗುವುದಿಲ್ಲ. ಉಳಿದ ಏಳು ಸ್ಥಾನಗಳಿಗೆ ಮಾತ್ರ ಸಮಿತಿಯ ತೂಗಾಟ ಮುಂದುವರಿಯಲಿದೆ, ಮುಂದಿನ ಡಿಸೆಂಬರ್‌ನ ಸಿಟ್ಟು ಏಳಬಹುದಾದದ್ದು ಆ ಏಳರ ಅಂಚಿನಲ್ಲೇ.